ರಾಗಿ ಸಾಲಲ್ಲಿ ಉಳಿದ ಕಡ್ಡಿ

ಅರವತ್ತೆಂಟನೇ ಇಸವಿಯ ಒಂದು ಬೆಳಗ್ಗೆ ಜಯನಗರದ ಬಸ್ ಸ್ಟಾಪಿನಲ್ಲಿ ಸರ್ವಮಂಗಳಾ ತನ್ನ ಕಾಲೇಜಿನ ಪುಸ್ತಕ ಬಿಚ್ಚಿಕೊಂಡು ನಿಂತಿದ್ದಳು, ಕಿವಿ ಮಾತ್ರ ಪಕ್ಕದವರ ಮಾತಿನಲ್ಲಿತ್ತು. ಬಿಳೇಕಹಳ್ಳಿಯ ಅಕ್ಕಯಮ್ಮ ಕಬ್ಬಿಣದ ಕಡ್ಡಿಯೊಂದನ್ನು ಜಮೀನು ಅಳೆಯುವವರ ಜೊತೆ ಸರ್ವೆ ಸರಪಳಿ ಎಳೆಯುವ ಬೋರಣ್ಣನ ಮೂಗಿನ ಮುಂದೆ ಹಿಡಿದಿದ್ದಳು.

“ಇದು ನನ್ನ ರಾಗಿ ಸಾಲಲ್ಲಿ ಸಿಕ್ತು. ಒಂದೊಂದು ಸರಪಳಿಗೂ ನೆಟ್ಟಿರೋ ಒಂದೊಂದು ಕಡ್ಡಿ ಕಿತ್ಕೊಂಡು ಬರೋದು ತಾನೆ ನಿನ್ನ ಕೆಲಸ?”

“ಹೂನಕ್ಕ. ಕೊನೇಲಿ ಕೈಯಲ್ಲಿರೋ ಕಡ್ಡಿ ಎಣಿಸಿ ಅಳತೆ ಬರ್ಕೋತಾರೆ.”

“ಹತ್ತು ಕಡ್ಡಿ ಇರಬೇಕಿತ್ತು. ನೀನು ಒಂಬತ್ತು ತಂದೆ, ನನ್ನ ಹೊಲ ಒಂಬತ್ತೇ ಸರಪಳಿ ಅಂತ ಬರ್ಕೊಂಡು ಅಷ್ಟಕ್ಕೇ ಗಡಿ ಕಲ್ಲು ನೆಟ್ರು. ನನ್ನ ಬಾವಿ ಈಗ ಹೊಸ ಬಡಾವಣೆ ಪಾಲು.”

“ಕುಡಿದಿದ್ದು ಹಿಂದಿನ ರಾತ್ರಿ ಅಕ್ಕ. ಬೆಳಗ್ಗೆ ಅಮಲೆಲ್ಲ ಇಳಿದಿತ್ತು.”

“ಅಮಲು ಇಳೀತು, ಬುದ್ಧಿ ಹತ್ತಲಿಲ್ಲ. ನಾನೇ ನೋಡಿದ್ನಲ್ಲ, ಗೊರವಂಕ ಕೂಗಿದ್ರೆ ಆ ಕಡೆ, ಗಾಡಿ ಹೋದ್ರೆ ಈ ಕಡೆ ನೋಡ್ತಾ ನಿಂತಿದ್ದೆ. ನನ್ನೆಮ್ಮೆಗೆ ನಿನಗಿಂತ ಗ್ಯಾನ ಇದೆ.”

“ತಲೆ ಸಿಡೀತಿತ್ತಕ್ಕ.”

“ಸಿಡಿದಿದ್ರೆ ಒಳಗೇನಿದೆ ಅಂತ ಗೊತ್ತಾಗ್ತಿತ್ತು. ಈಗ ಸರ್ವೆ ಆಫೀಸಿಗೆ ಬಂದು ಸಾಹೇಬ್ರ ಮುಂದೆ ನೀನೇ ಒಪ್ಕೋಬೇಕು.”

“ಕೆಲಸ ಹೋಗುತ್ತೆ.”

“ನಿನಗೆ ಇನ್ನೊಂದು ಕೆಲಸ ಸಿಗುತ್ತೆ. ನನಗೆ ಇನ್ನೊಂದು ಬಾವಿ ಯಾರು ತೋಡ್ತಾರೆ, ನೀನಾ?”

ರಸ್ತೆಯಾಚೆ ನಾಯಿಯೊಂದು ತನ್ನ ಬಾಲ ಹಿಡಿಯಲು ಸುತ್ತುತ್ತಿತ್ತು, ಬೋರಣ್ಣ ಅದನ್ನೇ ನೋಡುತ್ತಿದ್ದ.

“ಏಯ್, ಇಲ್ಲಿ ನೋಡು.”

“ಆಯ್ತಕ್ಕ, ಒಪ್ಕೋತೀನಿ. ಕಡ್ಡಿ ಈಚೆ ಕೊಡು, ನಾನೇ ತೋರಿಸ್ತೀನಿ.”

“ನಿನ್ನ ಕೈಗೆ ಇನ್ನೊಂದ್ಸಲಾನಾ? ನೀನು ಬಾಯಿ ತಂದ್ರೆ ಸಾಕು.”

ಬಸ್ಸು ಬಂತು. ಅಕ್ಕಯಮ್ಮ ಕಡ್ಡಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಇನ್ನೂ ನಾಯಿಯ ಕಡೆಗೇ ತಿರುಗಿದ್ದ ಬೋರಣ್ಣನ ರಟ್ಟೆ ಹಿಡಿದು, ಅವನನ್ನೇ ಮೊದಲು ಹತ್ತಿಸಿದಳು.