ಉಳಿಸಿಟ್ಟ ಬ್ಯಾಟರಿ

ಮಸ್ಕಿ ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದ ಸುಕನ್ಯಾಳ ಕಿವಿಗೆ ಪಕ್ಕದ ಬೆಂಚಿನ ಮಾತು ಬಿತ್ತು. ಒಬ್ಬಳು ಮುದುಕಿ, ಇನ್ನೊಬ್ಬಳು ಸೋಲಾರ್ ಸರ್ವೆಯ ಹುಡುಗಿ.

“ಜಂಬಮ್ಮ, ಸ್ಕೀಮಿನಾಗ ಕೊಟ್ಟ ನಿಮ್ಮನಿ ಸೋಲಾರ್ ಬ್ಯಾಟರಿ ತಿಂಗಳಿಗೆ ಎರಡು ತಾಸು ಸೈತ ನಡೆದಿಲ್ಲ. ಖರ್ಚಿಗೆ ತಕ್ಕ ಉಪಯೋಗ ಇಲ್ಲಂತ ಆಫೀಸಿನವರು ಬರದಾರ. ಸೋಮವಾರ ಬಿಚ್ಚಿಕೊಂಡು ಹೋಗ್ತಾರ.”

“ಕರೆಂಟ್ ಹೋದಾಗ ಯಜಮಾನರ ಆಕ್ಸಿಜನ್ ಮಷೀನಿಗೆ ಬೇಕಂತ ಉಳಿಸಿಟ್ಟೀನವ್ವ. ಒಂದು ಫ್ಯಾನ್ ಸೈತ ಹಚ್ಚಿಲ್ಲ.”

“ಮೀಟರಿಗೆ ಅದೆಲ್ಲಿ ತಿಳೀತೈತ್ರಿ? ಭಾಳ ಶಾಣ್ಯಾ ಆದ್ರಿ ನೀವು. ಇವತ್ತಿಂದ ಟಿವಿ, ಫ್ಯಾನ್ ಎಲ್ಲಾ ಅದರ ಮ್ಯಾಲ ಹಚ್ಚ್ರಿ. ಲೆಕ್ಕ ಏರಿದ್ರ ಮತ್ತ ಬರದು ಕಳಸ್ತೀನಿ.”

“ಎಲ್ಲಾ ಖಾಲಿ ಮಾಡಿ ಕುಂತಾಗ ಕರೆಂಟ್ ಹೋದ್ರ?”

ಲಿಂಗಸುಗೂರಿನ ಬಸ್ಸು ಬಂತು, ಹುಡುಗಿ ಹತ್ತಿದಳು.

ಮುದುಕಿ ಮನೆಗೆ ಫೋನ್ ಹಚ್ಚಿ, “ರೀ, ಕರೆಂಟ್ ಐತೇನ್ರಿ?” ಎನ್ನುತ್ತ ಆಟೋದ ಕಡೆ ನಡೆದಳು. ಆ ಕಡೆಯ ಉತ್ತರ ಸುಕನ್ಯಾಳಿಗೆ ಕೇಳಿಸಲಿಲ್ಲ.