ಹಾರ್ಬೆಕ್ ಹಡಗಿನ ನಾಲಗೆಯಿಲ್ಲದ ಗಂಟೆ

ಮರುದಿನ ನನ್ನ ಮಗಳು ಟೆಗೆನ್‌ಗೆ ದೀಕ್ಷಾಸ್ನಾನ. ಟಾರ್‌ಪಾಯಿಂಟ್‌ನ ಹಳೆಯ ನಾವಿಕರ ಹಾಲ್‌ನಲ್ಲಿ ನಾವು ಏಳೆಂಟು ಮಂದಿ ನೆಲ ಗುಡಿಸಿ, ಮೇಜು ಜೋಡಿಸಿ, ಇನ್ನೇನು ಹೊರಡಬೇಕು ಅನ್ನುವಷ್ಟರಲ್ಲಿ ಮಳೆ ಹಿಡಿದುಕೊಂಡಿತು. ಗಾಳಿಗೆ ನದಿ ದಾಟಿಸುವ ದೋಣಿಯನ್ನೂ ನಿಲ್ಲಿಸಿದ್ದಾರೆ ಎಂದು ಸುದ್ದಿ ಬಂತು. ಸರಿ, ನಾನು ಅಗ್ಗಿಷ್ಟಿಕೆ ಹೊತ್ತಿಸಿ, ಮಗುವಿನ ಗಾಡಿಯನ್ನು ಅದರ ಬೆಚ್ಚನೆಯ ಪಕ್ಕದಲ್ಲಿ ನಿಲ್ಲಿಸಿ, ನಾಳೆಗೆಂದು ತಂದಿದ್ದ ಕೇಸರಿ ಬನ್ನುಗಳನ್ನು ಬಿಚ್ಚಿದೆ. ಎಲ್ಲರೂ ಬೆಂಕಿಯ ಸುತ್ತ ಕುರ್ಚಿ ಎಳೆದುಕೊಂಡರು.

ಅಷ್ಟರಲ್ಲಿ ನನ್ನ ತಾಯಿಯ ಅಪ್ಪ, ಪರ್ಸಿ ಅಜ್ಜ, ಹಿಂದಿನ ಕೋಣೆಯಿಂದ ಬಂದ. “ಏಳಿ, ಏಳಿ! ಎಲ್ರೂ ಬಾಗಿಲ ಹತ್ರ ಹೋಗಿ.”

“ಅಲ್ಲಿ ಚಳಿ ಗಾಳಿ ಅಜ್ಜ. ಮಗು ಇದೆ.”

“ಮಗು ಇದೆ ಅಂತ್ಲೇ ಹೇಳ್ತಿರೋದು!”

ವಯಸ್ಸಾದಂತೆ ಮೊಂಡುತನ ಹೆಚ್ಚಾಯಿತು ಎಂದು ನನ್ನ ಗಂಡ ಕಾಲಿನ್ ಗೊಣಗಿದ. ಆದರೂ ಗಾಡಿ, ಕುರ್ಚಿ, ಬನ್ನು ಎಲ್ಲವನ್ನೂ ಬಾಗಿಲ ಕಡೆಗೆ ಸಾಗಿಸಿದೆವು. ಅಲ್ಲಿ ಮರದ ಚೌಕಟ್ಟಿನಲ್ಲಿ ಹಾರ್ಬೆಕ್ ಹಡಗಿನ ಹಿತ್ತಾಳೆ ಗಂಟೆ ತೂಗುತ್ತಿತ್ತು. ನಾಳೆ ಅದನ್ನು ತಲೆಕೆಳಗು ಮಾಡಿ, ನೀರು ತುಂಬಿ, ಅದರಲ್ಲೇ ಟೆಗೆನ್‌ಗೆ ದೀಕ್ಷೆ. ಆಮೇಲೆ ಒಳಮೈಯಲ್ಲಿ ಅವಳ ಹೆಸರು ಕೊರೆಸುತ್ತೇವೆ. ಅಲ್ಲಿ ಮೊದಲನೆಯ ಹೆಸರು ನನ್ನಮ್ಮ ಲವ್‌ಡೇಯದು. ನನ್ನದೂ ಇದೆ.

ಕಾಲಿನ್ ಗಂಟೆಯೊಳಗೆ ಕೈ ಹಾಕಿ ನೋಡಿದ. “ಇದಕ್ಕೆ ನಾಲಗೇನೇ ಇಲ್ವಲ್ಲ ಅಜ್ಜ?”

“ನಾಲಗೆ ಅಟ್ಲಾಂಟಿಕ್ ತಳದಲ್ಲಿದೆ. ಜೇಕಬ್ ಕಿಟ್ಟೊನ ಜೇಬಲ್ಲಿ,” ಎಂದ ಅಜ್ಜ. “ಟೀ ಬಗ್ಗಿಸು. ಹೇಳ್ತೀನಿ.”

*

“ಹಾರ್ಬೆಕ್ ಅಂದ್ರೆ ಏನಂದ್ಕೊಂಡಿದೀರಿ? ಭಾರೀ ಯುದ್ಧನೌಕೆ ಅಲ್ಲ ಕಣ್ರೋ, ಒಂದು ಫ್ರಿಗೇಟು. ಸರಕು ಹಡಗುಗಳ ಹಿಂಡನ್ನ ಕುರಿ ಕಾಯೋ ನಾಯಿ ಥರ ಕಾಯ್ಕೊಂಡು ಹೋಗೋದು ಅವಳ ಕೆಲಸ. ನಲವತ್ತೆರಡರಲ್ಲಿ ನೀರಿಗಿಳಿದ್ಲು. ಲಿವರ್‌ಪೂಲ್‌ನಿಂದ ಹ್ಯಾಲಿಫ್ಯಾಕ್ಸು, ಅಲ್ಲಿಂದ ವಾಪಸ್ಸು, ಆಮೇಲೆ ಫ್ರೀಟೌನು, ಒಂದ್ಸಲ ರಷ್ಯಾದ ಹಿಮದ ಕಡಲಿಗೂ... ಎಲ್ಲಿ ಹೋದ್ರೂ ಹೊರಳಾಡೋದೇ. ಬಂದರಲ್ಲಿ ಕಟ್ಟಿಹಾಕಿದ್ರೂ ಸುಮ್ನಿರ್ತಿರ್ಲಿಲ್ಲ. ನಾವು ಬಾಯಿಗೆ ಬಂದ ಹಾಗೆ ಬೈತಿದ್ವಿ, ಆದ್ರೆ ಬೇರೆ ಹಡಗಿನೋನು ಅವಳ ಬಗ್ಗೆ ಒಂದು ಮಾತಾಡ್ಲಿ ನೋಡೋಣ, ಹಲ್ಲು ಉದುರಿಸ್ತಿದ್ವಿ.

“ಅವಳ ಮುಂಭಾಗದ ಹೊಟ್ಟೇಲಿ ನಮ್ಮ ಪಂಕ್ತಿ. ಹದಿನಾಲ್ಕು ಜನ, ಒಂದು ಮೇಜು. ಅಲ್ಲೇ ಊಟ, ಅಲ್ಲೇ ನಿದ್ದೆ. ನಮಗೆಲ್ಲ ಹಿರಿಯ ಜೇಕಬ್ ಕಿಟ್ಟೊ, ನ್ಯೂಲಿನ್ ಕಡೆಯ ಮೀನುಗಾರ. ಬಡ್ತಿ ಕೊಟ್ರೆ ಬೇಡ ಅಂದ ಮೊಂಡ. ಗಂಟೆ ಉಜ್ಜೋದು ಅವನ ಕೆಲಸ, ಇನ್ನೊಬ್ಬ ಮುಟ್ಟೋ ಹಾಗಿಲ್ಲ. ಶತ್ರುವಿಗೆ ಸದ್ದು ಕೇಳಬಾರದು, ಕಡಲಲ್ಲಿ ಗಂಟೆ ಬೇಡ ಅಂತ ಕಪ್ತಾನ ಹೇಳಿದಾಗ, ಕಿಟ್ಟೊ ನಾಲಗೆ ಬಿಚ್ಚಿ ಜೇಬಿಗೆ ಹಾಕ್ಕೊಂಡ. ‘ಯುದ್ಧ ಮುಗಿದ ದಿನ ನಾನೇ ಹಾಕ್ತೀನಿ’ ಅಂದ.

“ನಲವತ್ಮೂರರ ಚಳಿಗಾಲದಲ್ಲಿ ನನ್ನ ಲವ್‌ಡೇ ಹುಟ್ಟಿದ್ಲು. ಹಡಗು ದುರಸ್ತಿಗೆ ಅಂತ ಇಲ್ಲೇ ಆಚೆ ದಡದಲ್ಲಿತ್ತು. ಈ ಗಂಟೇಲೇ ದೀಕ್ಷೆ ಮಾಡ್ಸಿದ್ವಿ, ಮಗೂನ ಹೊಣೆ ಹೊರೋ ಧರ್ಮಪಿತ ಕಿಟ್ಟೊ. ನಿಮ್ಮಜ್ಜಿ ಅವನನ್ನ ನೋಡಿ, ‘ದೇವರ ವಿಷ್ಯ ಇರ್ಲಿ ಜೇಕಬ್ ಅಣ್ಣ, ಇವಳಪ್ಪನ್ನ ಮನೆಗೆ ಕರ್ಕೊಂಡು ಬಾ, ಅಷ್ಟು ಸಾಕು’ ಅಂದ್ಲು. ಅವನು ಒದ್ದೆ ಗಂಟೆ ಮೇಲೆ ಕೈಯಿಟ್ಟು, ‘ಆಗ್ಲಮ್ಮ. ಈ ಮಗೂಗೆ ಸೇರಿದೋರನ್ನೆಲ್ಲ ನಾನು ನೋಡ್ಕೊಳ್ತೀನಿ’ ಅಂದ. ಸೇರಿದೋರನ್ನೆಲ್ಲ ಅಂದ... ನೆನಪಿಟ್ಕೊಳ್ಳಿ.

“ಮೂರು ತಿಂಗಳಿಗೆ ಅವನನ್ನ ಕಡಲು ಒಯ್ತು. ಹಾಡಹಗಲೇ. ಬಿರುಗಾಳೀಲಿ ಸಡಿಲಾದ ಸಿಡಿಮದ್ದಿನ ಪೀಪಾಯಿ ಕಟ್ಟೋಕೆ ಹೋದ, ಒಂದು ಅಲೆ ಬಂತು, ಇಳೀತು... ಅವನಿರ್ಲಿಲ್ಲ. ನಾನು ನಾಲ್ಕು ಮಾರು ದೂರದಲ್ಲಿದ್ದೆ. ಹಿಂಡು ಬಿಟ್ಟು ಹಡಗು ತಿರುಗೋ ಹಾಗಿರ್ಲಿಲ್ಲ. ತಿರುಗ್ಲಿಲ್ಲ.

“ಮಾರನೇ ದಿನದಿಂದ ರಮ್ ತರೋ ಸರದಿ ನನ್ನದು. ಆಗೆಲ್ಲ ನೌಕಾಪಡೇಲಿ ದಿನಾ ಮಧ್ಯಾಹ್ನ ತಲೆಗೊಂದು ಅಳತೆ ರಮ್ಮು. ಪಂಕ್ತಿಗೊಬ್ಬ ಹೋಗಿ, ನಾವಿಷ್ಟು ಜನ ಅಂತ ಹೇಳಿ ತರ್ಬೇಕು. ಬಾಯಿಗೆ ರೂಢಿ ನೋಡಿ... ‘ಹದಿನಾಲ್ಕು’ ಅಂದ್ಬಿಟ್ಟೆ. ಅಳೆಯೋನೂ ರೂಢೀಲೇ ಸುರಿದ. ಮೇಜಿಗೆ ತಂದ್ಮೇಲೆ ನೋಡ್ತೀನಿ, ಒಂದು ಹೆಚ್ಚು. ನಾವಿಕರ ಮುಂದೆ ಹೆಚ್ಚಿನ ರಮ್ ಇಟ್ರೆ ಹೊಡೆದಾಟವೇ ಆಗ್ಬೇಕು, ಅಲ್ವಾ? ಒಬ್ನೂ ಕೈ ಹಾಕ್ಲಿಲ್ಲ. ಕಿಟ್ಟೊನ ಮಗ್ಗಿಗೆ ಸುರಿದು ಅವನ ಜಾಗದಲ್ಲಿಟ್ವಿ. ಹೊರಗೆ ಕಡಲು ಕುದೀತಿದೆ, ತಟ್ಟೆಗಳೆಲ್ಲ ಜಾರ್ತಿವೆ, ಆ ಮಗ್ಗು ಮಾತ್ರ ಅಲ್ಲಾಡ್ಲಿಲ್ಲ. ಮರುದಿನವೂ ನಾನು ಹದಿನಾಲ್ಕೇ ಅಂದೆ. ಬಾಯ್ತಪ್ಪಿ ಅಲ್ಲ. ಅದರ ಮರುದಿನವೂ.

“ಒಂಬತ್ತನೇ ದಿನ... ಗಾಳಿ ನಿಂತಿತ್ತು, ಕಡಲು ತಟ್ಟೆಯಲ್ಲಿಟ್ಟ ನೀರಿನ ಹಾಗೆ. ಮಗ್ಗುಗಳು ಆಗಷ್ಟೇ ತುಂಬಿವೆ. ಮೇಲೆ ಗಂಟೆ ಹೊಡೀತು. ಒಂದೇ ಏಟು... ಢಣ್. ನಾಲಗೆ ಎಲ್ಲಿತ್ತು ಹೇಳಿ? ಹದಿಮೂರು ಜನ ಒಬ್ಬರ ಮುಖ ಒಬ್ಬರು ನೋಡ್ಕೊಂಡ್ವಿ. ಕಿಟ್ಟೊನ ಮಗ್ಗು ನೋಡಿದ್ರೆ... ಬಿರುಗಾಳೀಲೂ ಅಲ್ಲಾಡದ ಮಗ್ಗು... ನಿಧಾನಕ್ಕೆ ಏಣಿ ಕಡೆ ಜಾರ್ತಾ ಇದೆ! ‘ಏಳ್ರೋ, ಮೇಲೆ!’ ಅಂತ ಕೂಗಿದೆ. ಎದ್ವಿ. ತುಂಬಿದ ಮಗ್ಗು ಬಿಟ್ಟು ಎದ್ದ ನಾವಿಕರನ್ನ ಎಲ್ಲಾದ್ರೂ ನೋಡಿದೀರಾ? ನಾನು ನೋಡಿದ್ದು ಅದೊಂದೇ ಸಲ. ಏಣಿ ಹತ್ತಿ ಹಿಂಭಾಗಕ್ಕೆ ಓಡಿದ್ವಿ. ಒಬ್ಬ ಅಧಿಕಾರಿ ಅಡ್ಡ ಬಂದು, ‘ಏನ್ರೋ, ಕುಡಿದು ತಲೆ ಕೆಟ್ಟಿದ್ಯಾ?’ ಅಂದ. ‘ಕುಡೀದೇ ಕೆಟ್ಟಿದೆ ಸಾರ್’ ಅಂದ ನಮ್ಮೋನೊಬ್ಬ. ಅವನ ಮಾತು ಮುಗಿಯೋಕೆ ಮುಂಚೆ ಟಾರ್ಪೆಡೊ ಬಿತ್ತು. ಹಡಗಿನ ಮೂತಿಯೇ ಹೋಯ್ತು. ನಮ್ಮ ಮೇಜು, ಹಾಸಿಗೆ, ಹದಿನಾಲ್ಕು ಮಗ್ಗು, ಎಲ್ಲ. ಹದಿಮೂರು ಜನರಲ್ಲಿ ಒಬ್ಬನಿಗೂ ಗಾಯ ಇಲ್ಲ.

“ಮೂತಿ ಇಲ್ದೋಳು ಮುಂದಕ್ಕೆ ಹೇಗೆ ಬರ್ತಾಳೆ? ಹಿಂದುಮುಂದಾಗಿ ಬಂದ್ಲು ಕಣ್ರೋ, ಆರು ದಿನ, ತೆವಳ್ತಾ ತೆವಳ್ತಾ ಡೆರಿ ಬಂದರಿಗೆ ತಂದು ಇಳಿಸಿದ್ಲು ನಮ್ಮನ್ನ. ಹೊಸ ಮೂತಿ ಹಾಕಿಸ್ಕೊಂಡು ಮತ್ತೆ ಹೊರಟ್ಲು. ನಾರ್ಮಂಡಿ ದಡದಲ್ಲೂ ಕಾವಲು ಕಾದ್ಲು, ಯುದ್ಧ ಮುಗಿಸಿಯೇ ನಿಂತ್ಲು. ಐವತ್ತಾರರಲ್ಲಿ ಗುಜರಿಯೋರು ಅವಳನ್ನ ಕತ್ತರಿಸೋವಾಗ ನಾನು ದಡದಲ್ಲಿ ನಿಂತು ಅತ್ತೆ. ಅತ್ತೆ, ಏನೀಗ? ಅಷ್ಟು ಒಳ್ಳೆಯೋಳು ಅವಳು. ಈ ಗಂಟೆ ಒಂದು ಉಳೀತು.”

*

ಅಜ್ಜ ಮಡಿಲ ಮೇಲಿನ ಬನ್ನಿನ ಚೂರು ಕೊಡವಿಕೊಂಡ. ನಗಲು ನೋಡಿದ ಕಾಲಿನ್ ಕೊನೆಗೆ ಕೇಳಿದ: “ಆಮೇಲೆ ಯಾವಾಗಾದ್ರೂ ಹೊಡೆದಿದ್ಯಾ?”

“ಎರಡು ಸಲ. ಐವತ್ತೊಂಬತ್ತರಲ್ಲಿ ಒಂದ್ಸಲ. ಲವ್‌ಡೇ ಹತ್ತಿ ಕೂತಿದ್ದ ಬಸ್ಸಿಂದ ಅವಳ ಕೈ ಹಿಡಿದು ಇಳಿಸ್ಕೊಂಡೆ. ಊರೆಲ್ಲ ನಕ್ಕಿತು. ಸಂಜೆಯ ಹೊತ್ತಿಗೆ ಯಾರೂ ನಗ್ಲಿಲ್ಲ. ಆ ಬಸ್ಸಿನ ಕತೆ ಈಗ ಬೇಡ.”

“ಇನ್ನೊಂದು ಸಲ?”

ಅಷ್ಟರಲ್ಲಿ ಟೆಗೆನ್ ಎದ್ದು ಅಳತೊಡಗಿದಳು. ಹಾಲಿನ ಬಾಟಲಿಯನ್ನು ನಾನು ಬೆಚ್ಚಗಿರಲೆಂದು ಅಗ್ಗಿಷ್ಟಿಕೆಯ ಕಟ್ಟೆಯ ಮೇಲೆ ಇಟ್ಟಿದ್ದೆ. ತರಲು ಎದ್ದೆ. ಅಜ್ಜ ನನ್ನ ಮಣಿಕಟ್ಟು ಹಿಡಿದ. ಅಷ್ಟು ಬಲ ಅವನ ಕೈಯಲ್ಲಿ ಇನ್ನೂ ಇದೆಯೆಂದು ನನಗೆ ಗೊತ್ತಿರಲಿಲ್ಲ.

“ಕೂತ್ಕೋ ಕಂದ. ಇವತ್ತು ಬೆಳಿಗ್ಗೆ ಇದನ್ನ ಉಜ್ತಾ ಇದ್ದೆ... ಒಂದೇ ಏಟು. ಪಾಲಿಶ್ ಡಬ್ಬಿ ಅಲ್ಲಿ, ಬೆಂಕಿ ಪಕ್ಕದ ಮೇಜಿನ ಮೇಲಿತ್ತು. ತಾನೇ ಜಾರ್ತಾ ಜಾರ್ತಾ ಬಾಗಿಲ ಕಡೆಯ ಅಂಚಿಗೆ ಬಂದು ನಿಂತ್ಕೊಳ್ತು.”

ಗಾಳಿ ಹೊಯ್ಯೆಂದಿತು. ಚಿಮಣಿಯೊಳಗೆ ಎಲ್ಲೋ ಮೇಲೆ ಇಟ್ಟಿಗೆಯ ಚೂರೊಂದು ಸಡಿಲಾಗಿ, ಟಕಟಕನೆ ಇಳಿದು ಬಂದು ಬೆಂಕಿಯೊಳಗೆ ಬಿತ್ತು.

“ಹಾಲು ಆಮೇಲೆ ಕುಡೀತಾಳೆ,” ಎಂದ ಅಜ್ಜ, ಚಿಮಣಿಯಿಂದ ಕಣ್ಣು ತೆಗೆಯದೆ. “ಗಾಡೀನ ಇನ್ನೊಂದು ಮಾರು ಈಚೆ ಎಳ್ಕೋ.”