ಮರಳು ಸರಿಮಾಡುವವನು

ಬಸ್ಸಿಗೆ ಕಾಯುವ ಸಾಲಿನಲ್ಲಿ ನನ್ನ ಮುಂದೆ ಯಾರೋ ಭಾವ, ಭಾವಮೈದುನ. ಮೈದುನ ಗಾಲ್ಫ್ ಆಟಗಾರನೊಬ್ಬನ ಬ್ಯಾಗು ಹೊರುವವನು. ಆನೆಮರಿಯಂಥ ಆ ಬ್ಯಾಗು ಅವನ ಕಾಲ ಬಳಿಯೇ ಇತ್ತು.

“ಭಾವ, ಕೊನೇ ಟೂರ್ನಿಗೆ ನಾನು ಹೋಗಲ್ಲ.”

“ತಲೆ ಕೆಟ್ಟಿದೆಯಾ? ನಿಮ್ಮ ಸಾಹೇಬ್ರು ಈ ಸೀಸನ್ ಪೂರ್ತಿ ಗೆಲ್ತಾನೇ ಇದಾರೆ.”

“ಅವರು ಮೈದಾನದ ಮರಳುಗುಂಡಿಯಿಂದ ಚೆಂಡು ಹೊಡೆದ ಮೇಲೆ ಮರಳಲ್ಲಿರೋ ಹೆಜ್ಜೆಗುರುತು ಅಳಿಸೋದು ನನ್ನ ಕೆಲಸ. ನಾನು ಗುಂಡಿಗೆ ಇಳಿಯೋಷ್ಟರಲ್ಲಿ ಅಳಿಸಿರುತ್ತೆ.”

“ಪುಣ್ಯವಂತ! ಯಾರೋ ಅಳಿಸೋದು?”

“ನನಗಿಂತ ಮುಂಚೆ ಬ್ಯಾಗು ಹೊರ್ತಿದ್ದೋನು.”

“ಅವನು ಸೀಸನ್ ಶುರುವಲ್ಲೇ ಸತ್ತನಲ್ಲೋ!”

“ಅದಕ್ಕೇ ಹೋಗಲ್ಲ ಅಂದಿದ್ದು.”

ಬಸ್ಸು ಬಂತು. ಭಾವ ನಗುತ್ತಲೇ ಬ್ಯಾಗು ಎತ್ತಿದ.

“ಇಷ್ಟು ಹಗುರಾನಾ? ಖಾಲಿ ತಂದಿದೀಯೇನೋ?”

“ತುಂಬಿದೆ ಭಾವ. ಆ ಕಡೆ ಅವನು ಹಿಡ್ಕೊಂಡಿದಾನೆ.”

ಇಬ್ಬರೂ ಹತ್ತಿದರು. ಅವರ ಹಿಂದೆ ಒಬ್ಬರಷ್ಟು ಜಾಗ ಬಿಟ್ಟೇ ನಾನು ಹತ್ತಿದ್ದು.